ಹಂಗಾಮಿಗೆ ಮುನ್ನ ರಿಂಗಿನ ಗ್ಯಾಪ್

ದಸರಾ ಹತ್ತಿರ ಬಂತೆಂದರೆ ನಿಡಸೋಸಿ, ಸಂಕೇಶ್ವರ, ಹುಕ್ಕೇರಿ ಕಡೆಯ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಕಬ್ಬಿನ ಕಟಾವು ಶುರುವಾದರೆ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೋ, ಗೋಕಾಕ, ಮೂಡಲಗಿ ಕಡೆಯ ಕಾರ್ಖಾನೆಗಳಿಗೋ ಎರಡೆರಡು ಟ್ರಾಲಿ ಜಗ್ಗಬೇಕು. ಹೋದ ಹಂಗಾಮಿನಲ್ಲಿ ಆಯಿಲ್ ತಿಂದ, ಬ್ರೀದರಿನಿಂದ ಹೊಗೆ ಉಗುಳಿದ, ಚಳಿಯ ಮುಂಜಾನೆ ಸ್ಟಾರ್ಟ್ ಆಗದೆ ಸತಾಯಿಸಿದ ಎಂಜಿನ್ನುಗಳೆಲ್ಲ ಈಗ ಬಿಚ್ಚಿಸಿಕೊಂಡು ಕುಳಿತಿರುತ್ತವೆ. ‘ಮಿಸ್ತ್ರಿ, ನಾಳೆ ಮುಂಜಾನಿಗೆ ಗಾಡಿ ಬೇಕೇ ಬೇಕ್ರಿ’ ಎಂಬ ಒತ್ತಾಯ ಬೇರೆ. ಈ ಅವಸರಕ್ಕೆ ಮೊದಲು ಬಲಿಯಾಗುವುದು ರಿಂಗಿನ ಗ್ಯಾಪ್ ಅಳತೆ. ‘ಕಂಪನಿ ಮಾಲ್ ಐತಿ, ಅಳಿಯೂದೇನೈತಿ’ ಎಂದು ಡಬ್ಬಿ ಒಡೆದ ರಿಂಗ್ ಸೆಟ್ಟು ನೇರ ಪಿಸ್ಟನ್ನಿಗೆ ಏರುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಏಳುವ 500 ಡಿಗ್ರಿಗೂ ಮೀರಿದ ಕಾವೇ ಅದರ ಕಿಡಿ. ಆ ಗಾಳಿಯನ್ನು ತಡೆದು ನಿಲ್ಲಿಸುವುದು ರಿಂಗು. ಪಿಸ್ಟನ್ನಿನ ಬಿಸಿಯನ್ನು ಲೈನರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ದಾಟಿಸುವುದೂ ಅದೇ. ಒಂದು ಕಡೆ ಕತ್ತರಿಸಿದ, ತನ್ನ ಬಿಗುವಿನಿಂದಲೇ ಲೈನರಿಗೆ ಒತ್ತಿ ನಿಲ್ಲುವ ಈ ಕಬ್ಬಿಣದ ಬಳೆಯನ್ನು ಇಂಗ್ಲೆಂಡಿನ ಜಾನ್ ರ‍್ಯಾಮ್ಸ್‌ಬಾಟಮ್ 1850ರ ದಶಕದಲ್ಲಿ ಉಗಿಬಂಡಿಗಾಗಿ ಮಾಡಿದ. ಇಂದಿನ ಟ್ರ್ಯಾಕ್ಟರಿನಲ್ಲಿರುವುದೂ ಅದರ ಸಂತತಿಯೇ.

ಕತ್ತರಿಸಿದ ತುದಿಗಳ ನಡುವಿನ ಸಂದೇ ಗ್ಯಾಪ್. ಅದು ಯಾಕೆ ಬೇಕು? ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಯಿಸಿ ಏರಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 100 ಮಿ.ಮೀ. ಬೋರಿನ ರಿಂಗಿನ ಸುತ್ತಳತೆ 314 ಮಿ.ಮೀ. ಅದು ಲೈನರಿಗಿಂತ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 0.35 ಮಿ.ಮೀ. ಉದ್ದವಾಗುತ್ತದೆ. ಸಂದು ಸಾಲದಿದ್ದರೆ ತುದಿಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ, ರಿಂಗು ಮುರಿಯುತ್ತದೆ, ಲೈನರಿಗೆ ಗೀರು ಬೀಳುತ್ತದೆ, ತುಂಬಿದ ಟ್ರಾಲಿ ಏರಿನಲ್ಲೇ ನಿಂತುಬಿಡುತ್ತದೆ. ಸಂದು ಹೆಚ್ಚಾದರೆ ಕಂಪ್ರೆಷನ್ ಸೋರುತ್ತದೆ, ಆಯಿಲ್ ಕೆಡುತ್ತದೆ. ಸಡಿಲಾದ ರಿಂಗು ದುಡ್ಡನ್ನು ದಿನಾ ಸ್ವಲ್ಪ ಸ್ವಲ್ಪ ತಿಂದರೆ, ಬಿಗಿಯಾದದ್ದು ಒಂದೇ ದಿನ ಇಡೀ ಎಂಜಿನ್ನನ್ನೇ ತಿನ್ನುತ್ತದೆ. 25 ಮಿ.ಮೀ. ಬೋರಿಗೆ 0.1 ಮಿ.ಮೀ. ಎಂಬುದು ಗ್ಯಾರೇಜಿನ ಸ್ಥೂಲ ಲೆಕ್ಕ. ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಯೇ ಕೊನೆಯ ಮಾತು.

ಅಳತೆಯೇನೂ ಕಷ್ಟದ್ದಲ್ಲ. ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರೀ ಲೈನರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಅದರಿಂದ ರಿಂಗನ್ನು ಕೆಳಕ್ಕೆ ದೂಡಬೇಕು. ಓರೆಯಾಗಿ ಕೂತ ರಿಂಗು ಸುಳ್ಳು ಅಳತೆ ಹೇಳುತ್ತದೆ. ಆಮೇಲೆ ಫೀಲರ್ ಗೇಜಿನ ಎಲೆ: ಉದಾಹರಣೆಗೆ 0.40ರ ಎಲೆ ಕೈಗೆ ತುಸು ಹಿಡಿತ ಕೊಡುತ್ತ ಜಾರಬೇಕು, 0.45ರದು ಒಳಗೆ ಹೋಗಬಾರದು. ಆಗ ಗ್ಯಾಪ್ 0.40 ಎಂದು ಬರೆದುಕೊಳ್ಳಬಹುದು. ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ರಿಂಗಿನ ಅಂಚಿನಲ್ಲಿ ಬೆಳಕು ಕಂಡರೆ ರಿಂಗು ಅಥವಾ ಲೈನರ್ ದುಂಡಗಿಲ್ಲ ಎಂದೇ ಅರ್ಥ.

ಹಳೆಯ ಲೈನರನ್ನೇ ಉಳಿಸಿಕೊಳ್ಳುವುದಾದರೆ ಮೇಲೆ, ಕೆಳಗೆ ಎರಡೂ ಕಡೆ ಅಳೆಯಬೇಕು. ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಲೈನರ್ ಹೆಚ್ಚು ಸವೆದಿರುತ್ತದೆ, ಬುಡದಲ್ಲಿ ಕಡಿಮೆ. ವ್ಯಾಸ 0.1 ಮಿ.ಮೀ. ಸವೆದರೆ ಗ್ಯಾಪ್ 0.31 ಮಿ.ಮೀ. ತೆರೆಯುತ್ತದೆ, ಶಾಲೆಯಲ್ಲಿ ಕಲಿತ 3.14 ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲೆ 0.95, ಕೆಳಗೆ 0.48 ಬಂದರೆ ವ್ಯತ್ಯಾಸ 0.47, ಅದನ್ನು 3.14ರಿಂದ ಭಾಗಿಸಿದರೆ ಸವೆತ 0.15 ಮಿ.ಮೀ. ದುಬಾರಿ ಬೋರ್ ಗೇಜ್ ಇಲ್ಲದ ಮಿಸ್ತ್ರಿಗೂ ಲೈನರಿನ ಸತ್ಯ ಸಿಕ್ಕಿತು. ನಿಡಸೋಸಿಯಲ್ಲಿ 1996ರಿಂದ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳು ಒಂದು ದಿನ ಗ್ಯಾರೇಜಿಗೆ ಬಂದು ಈ ಲೆಕ್ಕವನ್ನು ಕೈಯಾರೆ ಮಾಡಿ ನೋಡಬೇಕು.

ಗ್ಯಾಪ್ ಕಡಿಮೆಯಿದ್ದರೆ ಅರ ಹಿಡಿಯಬೇಕು, ಒಂದೇ ತುದಿಗೆ. ಅದೂ ಹೊರಗಿನಿಂದ ಒಳಕ್ಕೆ. ತಿರುಗಾ ಎಳೆದರೆ ಕ್ರೋಮ್ ಲೇಪ ಎದ್ದುಬಿಡುತ್ತದೆ. ‘ಟಾಪ್’ ಎಂಬ ಗುರುತು ಅಥವಾ ಚುಕ್ಕೆ ಮೇಲಕ್ಕಿರಲಿ. ಎರಡನೆಯ ರಿಂಗು ಬುಡಮೇಲಾದರೆ ಕೆಳಗೆ ಕೆರೆದು ಇಳಿಸಬೇಕಾದ ಆಯಿಲನ್ನು ಮೇಲಕ್ಕೆ ಕಳಿಸುತ್ತದೆ. ಆಯಿಲ್ ರಿಂಗಿನೊಳಗಿನ ಸ್ಪ್ರಿಂಗಿನ ಜೋಡಣೆ ರಿಂಗಿನ ಗ್ಯಾಪಿಗೆ ಸರಿ ಎದುರು ಬರಬೇಕು. ಪಿಸ್ಟನ್ನಿನ ಮೂರು ರಿಂಗುಗಳ ಗ್ಯಾಪುಗಳು ಒಂದೇ ಸಾಲಿನಲ್ಲಿ ನಿಲ್ಲಬಾರದು.

ಬೆಳಗಾವಿ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. ಇಲ್ಲಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯ ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿನತ್ತ ನಡೆದವರು. ಅದೇ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಕಟ್ಟಿತು. ಕರೆಂಟು ಬರುವ ಮೊದಲು ಬಾವಿಯ ನೀರೆತ್ತಿದ, ಬೆಲ್ಲದ ಗಾಣ ತಿರುಗಿಸಿದ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ ಕಟ್ಟುತ್ತಲೇ ನಮ್ಮ ಮಿಸ್ತ್ರಿಗಳ ಕೈ ಪಳಗಿದೆ. ಅವರಿಗೆ ತಿಳಿವಳಿಕೆಯ ಕೊರತೆಯಿಲ್ಲ. ನಾವು ಕೊಡದೆ ಇರುವುದು ಹೊತ್ತನ್ನು.

ಆದ್ದರಿಂದ ಟ್ರ್ಯಾಕ್ಟರ್ ಮಾಲೀಕರಲ್ಲಿ ಒಂದು ಕೋರಿಕೆ. ಎಂಜಿನ್ ಬಿಚ್ಚಿಸುವುದಿದ್ದರೆ ದಸರಾ ತನಕ ಕಾಯದೆ ಗಣಪತಿ ಹಬ್ಬದ ಹೊತ್ತಿಗೇ ಬಿಚ್ಚಿಸಿ. ಕಟ್ಟಿಸಿದ ಮೇಲೆ ದಿನವಿಡೀ ನಿಂತಲ್ಲೇ ಸ್ಲೋದಲ್ಲಿ ಓಡಿಸಬೇಡಿ. ಹಾಗೆ ಓಡಿಸಿದರೆ ಲೈನರ್ ನುಣುಪಾಗಿ ರಿಂಗು ಕೂರುವುದೇ ಇಲ್ಲ. ಹದವಾದ ಲೋಡ್ ಕೊಡಿ. ಮಿಸ್ತ್ರಿಗೆ ಅರ್ಧ ದಿನ ಹೆಚ್ಚಿಗೆ ಬಿಡಿ, ಆ ಅರ್ಧ ದಿನದ ಕೂಲಿಯನ್ನೂ ಕೊಡಿ. ಬಿಲ್ಲಿನ ಹಿಂದೆ ಪ್ರತಿ ರಿಂಗಿನ ಗ್ಯಾಪ್ ಬರೆಸಿಕೊಳ್ಳಿ: ಪಿಸ್ಟನ್ನಿಗೆ ಮೂರು ರಿಂಗಿನ, ಮೂರು ಸಿಲಿಂಡರಿನ ಎಂಜಿನ್ನಾದರೆ ಒಂಬತ್ತು ಅಂಕಿ.