ಇಂದಿನ ಧಮ್ಮ ಚಿಂತನೆ: ಗಂಡೇ ಆಗಲಿ ಎನ್ನುವ ಮುನ್ನ



ನನ್ನ ಸಂಗಾತಿಗೆ ಈಗ ಏಳು ತಿಂಗಳು, ಚೊಚ್ಚಲ ಬಸಿರು. ಶಹಾಪುರದ ನಮ್ಮ ಓಣಿಯಲ್ಲೂ ಸುರಪುರದ ಆಕೆಯ ತವರಲ್ಲೂ ಹಿರಿಯರ ಹಾರೈಕೆ ಒಂದೇ: “ಗಂಡೇ ಆಗಲಿ.” ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಆ ರಾತ್ರಿ ಆಕೆಗೆ ನಿದ್ದೆ ಹತ್ತುವುದಿಲ್ಲ. “ಹೆಣ್ಣಾದರೆ?” ಎಂದು ಕೇಳುತ್ತಾಳೆ.

ಸಂಯುತ್ತ ನಿಕಾಯದಲ್ಲಿ ಇದಕ್ಕೆ ಉತ್ತರವಿದೆ. ಕೋಸಲದ ರಾಜ ಪಸೇನದಿ ಭಗವಾನರ ಬಳಿ ಕುಳಿತಿದ್ದಾಗ ರಾಣಿ ಮಲ್ಲಿಕಾ ಹೆಣ್ಣು ಹೆತ್ತ ಸುದ್ದಿ ಬಂತು. ರಾಜನ ಮನಸ್ಸು ಕುಗ್ಗಿತು. ಅದನ್ನರಿತ ಭಗವಾನರು, ಜಾಣೆಯೂ ಶೀಲವಂತೆಯೂ ಆದ ಹೆಣ್ಣು ಗಂಡಿಗಿಂತ ಮಿಗಿಲಾಗಬಲ್ಲಳು ಎಂದರು.

ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ಮಾತಾಡಿದರು. ದುಡಿಯುವ ತಾಯಿಗೆ ಹೆರಿಗೆಯ ಮುಂಚೆಯೂ ನಂತರವೂ ವಿಶ್ರಾಂತಿ ಬೇಕೆಂದರು. ಗಂಡು ಹೆತ್ತವಳಿಗೆ ಮಾತ್ರ ಎನ್ನಲಿಲ್ಲ.

ಹತ್ತಿ ಬಿಡಿಸುವ ಆಕೆಯ ಕೂಲಿ ಈಗ ನಿಂತಿದೆ. ಖರ್ಚು ಬಿಗಿ ಹಿಡಿದಿದ್ದೇವೆ. ನೀರಿನ ಕೊಡ ನಾನು ಹೊರುತ್ತೇನೆ. ರೊಟ್ಟಿ, ಪುಂಡಿಪಲ್ಯ ಉಂಡ ಮೇಲೆ ಕಬ್ಬಿಣಾಂಶದ ಗುಳಿಗೆ ನೆನಪಿಸುತ್ತೇನೆ. ತಾಯಿ ಕಾರ್ಡ್ ಹಿಡಿದು ಯಾದಗಿರಿಗೆ ತಪಾಸಣೆಗೆ ಹೋದಾಗ ಕೂಸಿನ ಎದೆಬಡಿತ ಕೇಳಿದೆವು. ಅದು ಗಂಡಿನದೋ ಹೆಣ್ಣಿನದೋ ಎಂದು ಕೇಳಲಿಲ್ಲ. ಸಂಜೆ, ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಬೆಟ್ಟದ ಕಡೆ ಮುಖ ಮಾಡಿ ಇಬ್ಬರೂ ತ್ರಿಸರಣ ಹೇಳುತ್ತೇವೆ.

*ಇಂದಿನ ಅಭ್ಯಾಸ:* ಬಸುರಿಯನ್ನು ಕಂಡರೆ “ತಾಯಿ, ಕೂಸು ಇಬ್ಬರೂ ಸುಖವಾಗಿರಲಿ” ಎನ್ನಿ. ಆಕೆಯ ಕೈಯಲ್ಲಿ ಕೊಡವಿದ್ದರೆ ಇಸಿದುಕೊಳ್ಳಿ. ಮೈತ್ರಿ ಎಂದರೆ ಅದೇ.

ಸಬ್ಬೇ ಸತ್ತಾ ಸುಖೀ ಹೋಂತು 🙏