ಬೋರ್ಡೋದ ಎರಡನೇ ಮದ್ದು

ಬೋರ್ಡೋ ಅಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದವರಿಗೆ ಮೈಲುತುತ್ತ, ಸುಣ್ಣ, ನೀಲಿ ಹತ್ತಿದ ಡ್ರಮ್ಮು ನೆನಪಾಗುತ್ತವೆ. ಅದು ಫ್ರಾನ್ಸಿನ ಒಂದು ಊರೆಂಬುದು ಎಷ್ಟೋ ಜನಕ್ಕೆ ಬೇಕಾಗಿಯೂ ಇಲ್ಲ. 1880ರ ದಶಕದಲ್ಲಿ ಅಲ್ಲಿಯ ದ್ರಾಕ್ಷಿ ಬಳ್ಳಿಗೆಂದು ಹುಟ್ಟಿದ ದ್ರಾವಣವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿಕೊಟ್ಟರು. ಅದಕ್ಕೂ ಮೊದಲು ಮಳೆಗಾಲಕ್ಕೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿ. ಅದೇ ಬೋರ್ಡೋದಿಂದ 1998ರಲ್ಲಿ ಇನ್ನೊಂದು ಮದ್ದು ಹೊರಟಿತು. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬರೀ ನಡುಗುತ್ತಿರುವ ಕಾಯಿಲೆಗೆ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಶ್ವಾಸಕೋಶದಿಂದ ಎಡಗೋಣೆಗೆ ರಕ್ತ ತರುವ ನಾಳಗಳ ಬುಡದಲ್ಲೇ ಹೆಚ್ಚಾಗಿ ಈ ನಡುಕದ ಕಿಡಿ ಹುಟ್ಟುತ್ತದೆಂದು ಮಿಶೆಲ್ ಹೈಸ್ಸಗೇರ್ ಮತ್ತು ಸಂಗಡಿಗರು ತೋರಿಸಿದರು. ಆ ಬುಡದ ಸುತ್ತ ಸುಟ್ಟು, ಕಿಡಿ ಒಳಗೆ ದಾಟದಂತೆ ಮಾಡುವುದೇ ಇವತ್ತಿನ ಅಬ್ಲೇಶನ್.

ನಮ್ಮ ಭಾವನಿಗೆ ಈ ಎರಡನೇ ಬೋರ್ಡೋ ಮದ್ದು ಆಯಿತು. ಹಿಡಿಯಲಿಲ್ಲ. ಮತ್ತೊಮ್ಮೆಯೂ ಆಯಿತು. ಕೆಲವು ತಿಂಗಳು ಎದೆ ಸುಮ್ಮನಿತ್ತು, ಆಮೇಲೆ ಹಳೇ ಚಾಳಿ. ಅದಕ್ಕೂ ಹಿಂದೆ ಮೆಟೊಪ್ರೊಲಾಲ್ ಬಡಿತದ ವೇಗ ತಗ್ಗಿಸಿತ್ತೇ ಹೊರತು ತಾಳ ಕೂಡಿಸಿರಲಿಲ್ಲ. ಅಮಿಯೊಡರೋನ್ ತಾಳ ಕೂಡಿಸಿತ್ತು, ಆದರೆ ಥೈರಾಯ್ಡ್ ಕೆಡಿಸಿತು. ಈ ಮಾತ್ರೆಯ ತುಂಬಾ ಅಯೋಡಿನ್ ಇರುವುದರಿಂದ ಥೈರಾಯ್ಡಿನ ಮೇಲೆ ಯಾವಾಗಲೂ ಒಂದು ಕಣ್ಣಿಟ್ಟಿರಬೇಕು. ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಎರಡು ಬಡಿತ ಒತ್ತೊತ್ತಾಗಿ ಬರುತ್ತವೆ, ಆಮೇಲೊಂದು ಖಾಲಿ, ಮತ್ತೆ ಮೂರು ಓಟ, ಒಂದು ಮೆತ್ತಗೆ, ಒಂದು ಜೋರು. ಮುಂದಿನದು ಹೀಗೇ ಬರುತ್ತದೆಂದು ಹೇಳುವ ಹಾಗೇ ಇಲ್ಲ. ಕೈಯಲ್ಲಿ ಎಣಿಸಿದ್ದಕ್ಕಿಂತ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಣಿಸಿದ್ದು ಹೆಚ್ಚಿರುತ್ತದೆ. ಕೆಲವು ಬಡಿತ ಮುಂಗೈವರೆಗೆ ತಲುಪುವಷ್ಟು ರಕ್ತವನ್ನೇ ದೂಡಿರುವುದಿಲ್ಲ.

ಬೆಂಗಳೂರಿನಲ್ಲಿರುವ ಮಗನಿಗೆ, ಎರಡು ಸಲ ಆಗದಿದ್ದರೆ ಇದಕ್ಕಿಂತ ದೊಡ್ಡದು ಏನಿದೆಯೋ ಅದನ್ನು ಮಾಡಿಸಬೇಕು. ಭಾವನಿಗೆ, ಆಸ್ಪತ್ರೆಯ ಮೆಟ್ಟಿಲೇ ಸಾಕು. ಇಬ್ಬರ ಮಾತೂ ಕೇಳಿ ಕೇಳಿ ನನಗನ್ನಿಸಿದ್ದು, ಇಬ್ಬರೂ ಮೂರು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆದು ಕೂಡುತ್ತಿದ್ದಾರೆ. ಲಕ್ವ ಹೊಡೆಯದ ಹಾಗೆ ನೋಡಿಕೊಳ್ಳುವುದು ಒಂದು ಲೆಕ್ಕ. ಬಡಿತದ ವೇಗ ಹದ್ದುಬಸ್ತಿನಲ್ಲಿಟ್ಟು ಹೃದಯ ದಣಿಯದಂತೆ ಕಾಯುವುದು ಇನ್ನೊಂದು. ತಾಳ ಸರಿ ಮಾಡುವುದು ಮೂರನೆಯದು. ಅಬ್ಲೇಶನ್ ಸೋತದ್ದು ಮೂರನೆಯ ಲೆಕ್ಕದಲ್ಲಿ ಮಾತ್ರ.

ಮೊದಲನೆಯದು ಎಲ್ಲಕ್ಕಿಂತ ಭಾರಿ. ಮೇಲಿನ ಕೋಣೆ ಹಿಂಡದೆ ನಡುಗುತ್ತಿದ್ದರೆ, ಎಡಗೋಣೆಯ ಪಕ್ಕದ ಸಣ್ಣ ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಈ ಕಾಯಿಲೆಯಿದ್ದವರಲ್ಲಿ ಅದರ ಅಪಾಯ ಸುಮಾರು ಐದು ಪಟ್ಟು. ಅಬ್ಲೇಶನ್ ಗೆದ್ದರೂ ಸೋತರೂ, ವಯಸ್ಸು, ಬಿಪಿ, ಸಕ್ಕರೆ ಇದ್ದವರು ರಕ್ತ ತೆಳು ಮಾಡುವ ಮಾತ್ರೆ ಬಿಡುವಂತಿಲ್ಲ. ‘ಆಪರೇಶನ್ನೇ ಆಯ್ತಲ್ಲ, ಇನ್ನೆಂಥ ಮಾತ್ರೆ’ ಎಂದು ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಆ ಮಾತ್ರೆಯಿಂದ ರಕ್ತಸ್ರಾವವಾಗಿ ತೊಂದರೆಗೆ ಸಿಕ್ಕವರಿಗೆ ಆ ಮೂಲೆಯ ಬಾಯಿಗೇ ಪುಟ್ಟ ಮುಚ್ಚಳ ಕೂರಿಸುವ ಉಪಾಯವಿದೆ. ಅದರಿಂದ ತಾಳಕ್ಕೆ ಏನೂ ಆಗುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ವಿಶೇಷ ಹೇಳಬೇಕು. ಪಶ್ಚಿಮದ ಪುಸ್ತಕಗಳಲ್ಲಿ ಇದು ವಯಸ್ಸಾದವರ, ತೂಕ ಏರಿದವರ ಕಾಯಿಲೆ. ನಮ್ಮಲ್ಲಿ ಚಿಕ್ಕಂದಿನ ಗಂಟಲು ನೋವು, ಕೀಲು ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ, ನಡುವಯಸ್ಸಿಗೇ ತಾಳ ತಪ್ಪಿದವರು ಬಹಳ, ಅದರಲ್ಲೂ ಹೆಂಗಸರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಬಲೂನಿನಿಂದ ಇಂಥ ಕವಾಟ ಹಿಗ್ಗಿಸುವುದರಲ್ಲಿ ಹೆಸರು ಮಾಡಿದ್ದೇ ಇಂಥ ರೋಗಿಗಳ ಸಂಖ್ಯೆಯಿಂದ. ಇವರಿಗೆ ರಕ್ತ ತೆಳು ಮಾಡುವ ಹೊಸ ಮಾತ್ರೆ ಹಳೆಯದಕ್ಕಿಂತ ವಾಸಿಯೇ ಎಂದು ನೋಡಲು ದಿಲ್ಲಿ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಮುಂದಾಳುತನದಲ್ಲಿ ಸುಮಾರು ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ಅಧ್ಯಯನ ನಡೆಯಿತು. 2022ರಲ್ಲಿ ಬಂದ ಉತ್ತರ ಎಲ್ಲರ ನಿರೀಕ್ಷೆಗೆ ತಿರುಗುಮುರುಗು: ಹಳೇ ಗುಂಪಿನ ಮಾತ್ರೆಯೇ ಹೆಚ್ಚು ಜೀವ ಉಳಿಸಿತ್ತು. ಅಂದರೆ ಆ ಗುಂಪಿನ ಅಸಿಟ್ರೋಮ್ ನುಂಗಬೇಕು, ರಕ್ತ ಎಷ್ಟು ತೆಳುವಾಗಿದೆಯೆಂದು ಅಳೆಯುವ ಐಎನ್ಆರ್ ಪರೀಕ್ಷೆಗೆ ತಿಂಗಳು ತಿಂಗಳು ರಕ್ತ ಕೊಡಬೇಕು, ಸೊಪ್ಪಿನ ಮೇಲೆ ಕಣ್ಣಿಡಬೇಕು. ನರಸಿಂಹರಾಜಪುರದ ಕಡೆಯ ನಮ್ಮ ನೆಂಟರ ಮನೆಯ ಹೆಂಗಸೊಬ್ಬರ ಐಎನ್ಆರ್ ಆಷಾಢದಲ್ಲಿ ಸರ್‍ರೆಂದು ಇಳಿಯುತ್ತಿತ್ತು. ಡಾಕ್ಟರು ಮಾತ್ರೆ ಏರಿಸಿದರು. ಮಳೆ ನಿಂತ ಮೇಲೆ ವಸಡಿನಲ್ಲಿ ರಕ್ತ. ಕಾರಣ ಮಳೆಗಾಲದ ಕೆಸುವಿನ ಪತ್ರೊಡೆ. ಹಸಿರೆಲೆಯಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ನೇರ ಎದುರಾಳಿ. ಸೊಪ್ಪು ಬಿಡಬೇಕಿಲ್ಲ, ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿಂದರಾಯಿತು. ಮಲೆನಾಡಿನಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ಒಂದೇ ಅಳತೆಯೆಂದರೆ ಹೇಳಿದಷ್ಟು ಸುಲಭವಲ್ಲ.

ಎರಡನೇ ಲೆಕ್ಕದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಎರಡು ಹಳೇ ಅಧ್ಯಯನಗಳು. 2002ರ ಅಫರ್ಮ್‌ನಲ್ಲಿ 4,060 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧಿಯಿಂದ ತಾಳ ಕೂಡಿಸಲು ನೋಡಿದರು, ಇನ್ನೊಂದು ಪಾಲಿಗೆ ತಾಳದ ಗೊಡವೆ ಬಿಟ್ಟು ವೇಗ ಮಾತ್ರ ಹಿಡಿದಿಟ್ಟರು. ತಾಳ ಕೂಡಿಸಿದವರು ಹೆಚ್ಚು ಬದುಕಲಿಲ್ಲ. 2010ರ ಇನ್ನೊಂದು ಅಧ್ಯಯನದಲ್ಲಿ, ಕೂತಾಗ ಬಡಿತ 80ರೊಳಗೇ ಇರಬೇಕೆಂಬ ಹಟಕ್ಕೂ 110ರೊಳಗಿದ್ದರೆ ಸಾಕೆಂಬ ಸಡಿಲಿಕೆಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ತಾಳ ಬೇಡವೇ ಬೇಡ ಎನ್ನುವಂತಿಲ್ಲ. ಕಾಯಿಲೆ ಶುರುವಾದ ಹೊಸತರಲ್ಲೇ ತಾಳ ಕೂಡಿಸಿದರೆ ಲಾಭವಿದೆ ಎಂದು 2020ರ ಯುರೋಪಿನ ಅಧ್ಯಯನ ಹೇಳಿತು. ಆದರೆ ವರ್ಷಗಟ್ಟಲೆ ಹಿಗ್ಗಿ ಕಲೆಗಟ್ಟಿದ ಕೋಣೆಗೆ ಆ ಮಾತು ಅಷ್ಟಾಗಿ ಅನ್ವಯಿಸದು. ಭಾವನದು ಅಂಥ ಕೋಣೆ.

ಅಡಿಕೆ ತೋಟದಲ್ಲೂ ಇಂಥದೇ ಕಥೆಯಿದೆ. ಹಳದಿ ಎಲೆ ರೋಗ ಬಂದ ತೋಟ ಈ ಮೂರು ತಾಲ್ಲೂಕಿನಲ್ಲಿ ಯಾರಿಗೆ ಗೊತ್ತಿಲ್ಲ? ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದು ಅದು, ಬೋರ್ಡೋ ಅದಕ್ಕೆ ತಾಗುವುದೇ ಇಲ್ಲ. ಸುಣ್ಣ ಹಾಕಿದರು, ಗೊಬ್ಬರ ಸುರಿದರು, ಬುಡ ಬಿಡಿಸಿದರು. ಕೆಲವರು ಸೋತು ತೋಟ ಮಾರಿದರು, ಕೆಲವರು ಸುರಿಯುತ್ತಲೇ ಹೋದರು. ಮತ್ತೆ ಕೆಲವರು, ಇದೇ ಮಣ್ಣು, ಇದೇ ರೋಗ, ಇದರಲ್ಲಿ ಏನು ಬೆಳೆಯಬಹುದು ಎಂದು ಪ್ರಶ್ನೆಯನ್ನೇ ಬದಲಿಸಿ, ಮಧ್ಯೆ ಕಾಫಿ, ಮೆಣಸು ಎಬ್ಬಿಸಿದರು. ರೋಗದ ತೋಟದ ನಡುವೆಯೇ ಹಸಿರಾಗಿ ನಿಂತ ಮರಗಳನ್ನು ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನವರು ಹುಡುಕಿ ಸಸಿ ಮಾಡಲು ಹೊರಟದ್ದೂ ಅದೇ ಜಾಡಿನಲ್ಲಿ. ಭಾವ ಈ ಮೂರನೇ ಗುಂಪಿನವ. ತೋಟದಲ್ಲಿ ಅಷ್ಟು ಸಲೀಸಾಗಿ ಬದಲಿಸಿದ ಪ್ರಶ್ನೆಯನ್ನು ಎದೆಯ ವಿಷಯಕ್ಕೆ ಬಂದಾಗ ಅವನೂ ಬದಲಿಸಿರಲಿಲ್ಲ, ನಾವೂ ಬದಲಿಸಿರಲಿಲ್ಲ. ಗುಣವಾಗುತ್ತದೋ ಇಲ್ಲವೋ ಎಂಬಲ್ಲೇ ಎಲ್ಲರೂ ನಿಂತಿದ್ದೆವು. ನಿನಗೆ ಯಾವುದು ಕಷ್ಟ ಕೊಡುತ್ತಿದೆ ಎಂದು ಯಾರೂ ಕೇಳಿರಲಿಲ್ಲ.

ಕೇಳಿದಾಗ ಬಂದ ಉತ್ತರ ವಿಚಿತ್ರವಾಗಿತ್ತು. ಎದೆಯ ಗಡಿಬಿಡಿ ಅವನಿಗೆ ಅಭ್ಯಾಸವಾಗಿದೆ. ಕಷ್ಟ ಕೊಡುತ್ತಿರುವುದು ದಿಬ್ಬ ಹತ್ತುವಾಗಿನ ಉಬ್ಬಸ, ಮಧ್ಯಾಹ್ನದ ಜೋಂಪು. ಜೋಂಪಿನ ಮಾತು ಹಿಡಿದು ಹೊಸ ಡಾಕ್ಟರು ಅಕ್ಕನ ಕಡೆ ತಿರುಗಿ, ‘ಇವರು ಗೊರಕೆ ಹೊಡೀತಾರಾ?’ ಎಂದರು. ಅಕ್ಕನಿಗೆ ಅಷ್ಟು ವರ್ಷದಲ್ಲಿ ಸಿಕ್ಕ ಮೊದಲ ಅವಕಾಶ, ಬಿಡದೆ ಹೇಳಿದಳು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಅಬ್ಲೇಶನ್ ಮಾಡಿದರೂ ಕಾಯಿಲೆ ಮರುಕಳಿಸುವುದು ಹೆಚ್ಚು. ಪರೀಕ್ಷೆಯಲ್ಲಿ ಅದೇ ಎಂದಾಯಿತು, ರಾತ್ರಿ ಮೂಗಿಗೆ ಕಟ್ಟಿಕೊಳ್ಳುವ ಸಿಪ್ಯಾಪ್ ಯಂತ್ರ ಬಂತು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮನೆಗೆ ಅದರ ಹಿಂದೆ ದೊಡ್ಡ ಇನ್ವರ್ಟರ್ ಕೂಡ ಬರಬೇಕಾಯಿತು. ಇದು ಚೀಟಿಯಲ್ಲಿ ಬರೆದಿರಲಿಲ್ಲ. ತೂಕದ ಮಾತೂ ಬಂತು. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಪ್ರಶಾಂತನ್ ಸ್ಯಾಂಡರ್ಸ್ ತಂಡ 2015ರಲ್ಲಿ ತೋರಿಸಿದಂತೆ, ತೂಕದಲ್ಲಿ ಹತ್ತನೇ ಒಂದು ಪಾಲು ಇಳಿಸಿ ಹಾಗೇ ಉಳಿಸಿಕೊಂಡವರಲ್ಲಿ ಕಾಯಿಲೆ ಮರುಕಳಿಸದಿರುವ ಸಾಧ್ಯತೆ ಆರು ಪಟ್ಟು. ಸಂಜೆಯ ‘ಸ್ವಲ್ಪ’ವೂ ನಿಲ್ಲಬೇಕು ಎಂದರು. ಕಾಫಿ ಸೀಮೆಯಲ್ಲಿ ಹುಟ್ಟಿ ಈ ಕಾಯಿಲೆಗೆಂದು ಕಾಫಿ ಬಿಟ್ಟಿದ್ದವನಿಗೆ ಮಾತ್ರ ಒಂದು ಸಿಹಿಸುದ್ದಿ. 2025ರಲ್ಲಿ 200 ರೋಗಿಗಳ ಮೇಲೆ ನಡೆದ ಪ್ರಯೋಗ ಪ್ರಕಟವಾಗಿದೆ: ದಿನಕ್ಕೊಂದು ಲೋಟ ಕಾಫಿ ಕುಡಿದವರಲ್ಲಿ ನೂರಕ್ಕೆ 47 ಜನರಿಗೆ, ಬಿಟ್ಟವರಲ್ಲಿ 64 ಜನರಿಗೆ ಆರು ತಿಂಗಳಲ್ಲಿ ತಾಳ ಮತ್ತೆ ತಪ್ಪಿತ್ತು. ಸಣ್ಣ ಪ್ರಯೋಗ, ಇಷ್ಟರಿಂದಲೇ ಕಾಫಿಯನ್ನು ಮದ್ದು ಮಾಡಬಾರದು. ಆದರೂ ಅವತ್ತು ಕೊಪ್ಪಕ್ಕೆ ಬಂದಿಳಿದದ್ದೇ ಮೊದಲು ಹೋಟೆಲಿಗೆ ಹೋದ.

ಇನ್ನು ಮಗ ಹೇಳುವ ‘ದೊಡ್ಡದು’. ಶಾಖದಿಂದ ಸುಡುವ ಬದಲು, ಸೆಕೆಂಡಿನ ತೀರಾ ಸಣ್ಣ ಪಾಲಿನಷ್ಟೇ ಇರುವ ವಿದ್ಯುತ್ ಮಿಡಿತಗಳಿಂದ ಜೀವಕೋಶಗಳನ್ನು ಸಾಯಿಸುವ ಹೊಸ ಬಗೆಯ ಅಬ್ಲೇಶನ್ ಬಂದಿದೆ. ಅನ್ನನಾಳಕ್ಕೆ ಏಟು ಬೀಳುವ ಭಯ ಕಡಿಮೆ, ಗೆಲುವಿನ ಪ್ರಮಾಣ ಹಳೆಯದರ ಆಸುಪಾಸಿನಲ್ಲೇ ಇದೆ. 1987ರಲ್ಲಿ ಜೇಮ್ಸ್ ಕಾಕ್ಸ್ ಶುರು ಮಾಡಿದ ಮೇಜ್ ಶಸ್ತ್ರಕ್ರಿಯೆ ಗಟ್ಟಿಯಾದದ್ದೇ, ಆದರೆ ಬೇರೆ ಕಾರಣಕ್ಕೆ ಎದೆ ತೆರೆಯುವವರಿಗೆ ಅದರೊಟ್ಟಿಗೇ ಮಾಡುವುದು ಹೆಚ್ಚು. ಇವೆಲ್ಲ ತಾಳಕ್ಕಾಗಿ ಮತ್ತೊಂದು ಪಣ ಒಡ್ಡುವ ದಾರಿಗಳು.

ತಾಳವನ್ನೇ ಬಿಟ್ಟುಕೊಟ್ಟು ನೆಮ್ಮದಿ ಕೊಳ್ಳುವ ದಾರಿಯೊಂದಿದೆ. ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಅದೇ. ಮೇಲಿನ ಕೋಣೆಯ ಗದ್ದಲ ಕೆಳಗೆ ಇಳಿಯುವುದು ಏವಿ ನೋಡ್ ಎಂಬ ಒಂದೇ ಬಾಗಿಲಿಂದ. ಪೇಸ್‌ಮೇಕರ್ ಕೂರಿಸಿ, ಆ ಬಾಗಿಲನ್ನು ಸುಟ್ಟು ಶಾಶ್ವತವಾಗಿ ಮುಚ್ಚುತ್ತಾರೆ. ಕ್ಯಾತೆಟರ್ ಎಂಬ ತೆಳು ನಳಿಗೆ ಹಾಕಿ ಸುಡುವ ವಿದ್ಯೆ 1982ರಲ್ಲಿ ಶುರುವಾದದ್ದೇ ಈ ಬಾಗಿಲಿನಿಂದ. ಮೇಲೆ ಗದ್ದಲ ಹಾಗೇ ಇರುತ್ತದೆ, ರಕ್ತ ತೆಳು ಮಾಡುವ ಮಾತ್ರೆಯೂ ಇರುತ್ತದೆ, ಆದರೆ ಕೆಳಗಿನ ಕೋಣೆ ಯಂತ್ರ ಹೇಳಿದಂತೆ ಸಮವಾಗಿ ಬಡಿಯುತ್ತದೆ. ವೇಗ ತಗ್ಗಿಸುವ ಮಾತ್ರೆಗಳ ಸುಸ್ತು ಹೋಗುತ್ತದೆ. ಹೃದಯ ವೈಫಲ್ಯವೂ ಜೊತೆಗಿದ್ದ 133 ಜನರ ಮೇಲೆ ನಡೆದ 2021ರ ಅಧ್ಯಯನದಲ್ಲಿ, ಮಾತ್ರೆಯಲ್ಲೇ ಉಳಿದವರಿಗಿಂತ ಕೆಳಗಿನ ಎರಡೂ ಕೋಣೆ ಜೊತೆಯಾಗಿ ಬಡಿಯುವಂತೆ ಪೇಸ್‌ಮೇಕರ್ ಹಾಕಿ ಬಾಗಿಲು ಮುಚ್ಚಿದವರಲ್ಲಿ ಸಾವು ತೀರಾ ಕಡಿಮೆಯಾಗಿತ್ತು. ಬೆಲೆಯೂ ಇದೆ. ಮುಚ್ಚಿದ ಬಾಗಿಲು ಮತ್ತೆ ತೆರೆಯದು. ಅಲ್ಲಿಂದ ಮುಂದೆ ಬದುಕು ಆ ಯಂತ್ರದ ಮೇಲೆ. ತಂತಿಯನ್ನು ಕೆಳಗಿನ ಬಲಗೋಣೆಯಲ್ಲಿ ಹಳೇ ರೀತಿ ಚುಚ್ಚಿದರೆ ಕೆಲವರಲ್ಲಿ ಹೃದಯವೇ ಬರಬರುತ್ತಾ ಸೋಲುತ್ತದೆ. ಹಾಗಾಗಿ ಹೃದಯದ ಸ್ವಂತ ವಿದ್ಯುತ್ ದಾರಿಗೇ ತಂತಿ ಜೋಡಿಸುವ ಹೊಸ ಬಗೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.

ಪುಸ್ತಕದಲ್ಲಿ ಇಷ್ಟಿರುತ್ತದೆ. ನಮ್ಮ ಲೆಕ್ಕಕ್ಕೆ ರಸ್ತೆಯೂ ಸೇರಬೇಕು. ಪೇಸ್‌ಮೇಕರ್ ನೋಡಬಲ್ಲ ಆಸ್ಪತ್ರೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಎಸ್.ಕೆ. ಬಾರ್ಡರ್ ದಾಟಿ ಕಾರ್ಕಳ, ಮಂಗಳೂರಿಗೋ, ಇಲ್ಲ ಶಿವಮೊಗ್ಗಕ್ಕೋ ಹೋಗಬೇಕು. ಜುಲೈಯಲ್ಲಿ ಘಾಟಿ ಕುಸಿದರೆ ಅದೂ ಇಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಪದ್ಮನಾಭ ಕಾಮತ್ ಹಳ್ಳಿ ಹಳ್ಳಿಗೆ ಇಸಿಜಿ ಯಂತ್ರ ಮುಟ್ಟಿಸಿದ್ದು, ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಶುರು ಮಾಡಿದ್ದು ದೊಡ್ಡ ಕೆಲಸಗಳೇ. ಆದರೆ ಅವುಗಳ ಮುಖ್ಯ ಗುರಿ ಹೃದಯಾಘಾತ. ತಾಳ ತಪ್ಪುವ ಕಾಯಿಲೆಗೆ ಬೇಕಾದ್ದು ವರ್ಷಾನುಗಟ್ಟಲೆಯ ನಿಗಾ. ಎಷ್ಟು ದೂರ ಬಂದು ಹೋಗಬಲ್ಲಿರಿ ಎಂದು ಕೇಳದೆ ಚಿಕಿತ್ಸೆ ಆರಿಸುವ ವೈದ್ಯರ ಬಗ್ಗೆ ನನಗೆ ಅಸಮಾಧಾನವಿದೆ.

ಸದ್ಯಕ್ಕೆ ಭಾವ ವೇಗದ ಮಾತ್ರೆ, ರಕ್ತದ ಮಾತ್ರೆ, ಸಿಪ್ಯಾಪ್ ಮೂರರಲ್ಲೇ ಇದ್ದಾನೆ. ಉಬ್ಬಸ ಹೆಚ್ಚಿದರೆ, ಎಕೋದಲ್ಲಿ ಹೃದಯದ ಬಲ ಇಳಿದದ್ದು ಕಂಡರೆ ಬಾಗಿಲು ಮುಚ್ಚಿಸುವುದು ಎಂದು ತೀರ್ಮಾನ. ಅದಕ್ಕಾಗಿ ಅವನು ಕೇಳಬೇಕಾದ ಪ್ರಶ್ನೆಗಳನ್ನು ಅಡಿಕೆ ಮಂಡಿಯ ರಸೀದಿಯ ಹಿಂಬದಿಯಲ್ಲಿ ಬರೆದಿಟ್ಟಿದ್ದ. ಆನೆಗೆಂದು ಹಾಕಿದ ಸೋಲಾರ್ ಬೇಲಿ ಮುಟ್ಟಿದರೆ? ಮುಟ್ಟಬಾರದು. ಕಳೆ ಕೊಚ್ಚುವ ಮಿಷನ್? ಎಂಜಿನ್ನಿನ ಸ್ಪಾರ್ಕ್ ಎದೆಯಿಂದ ಒಂದಡಿಯಾದರೂ ದೂರವಿರಲಿ, ಹೆಗಲಿಗೆ ಪಟ್ಟಿ ಬೀಳುವ ಕೆಲಸ ಗಾಯ ಮಾಗುವವರೆಗೆ ಬೇಡ. ವೆಲ್ಡಿಂಗ್? ಬೇರೆಯವರು ಮಾಡಲಿ. ಬ್ಯಾಟರಿ ಎಷ್ಟು ವರ್ಷ? ಹತ್ತರ ಆಸುಪಾಸು. ‘ಮಿಷನ್ನು ಬಲ ಹೆಗಲಿಗೆ, ಪೇಸ್‌ಮೇಕರ್ ಎಡಕ್ಕೆ ಹಾಕಿ ಹಾಗಾದರೆ’ ಎಂದ. ಸಾಧಾರಣವಾಗಿ ಎಡಕ್ಕೇ ಹಾಕುವುದು ಎಂದರು ಡಾಕ್ಟರು. ಮಗನಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಇನ್ನೊಬ್ಬರ ಅಭಿಪ್ರಾಯಕ್ಕೆ ದಿನ ಗೊತ್ತು ಮಾಡಿದ್ದಾನೆ. ಕೊಯ್ಲು ಮುಗಿಯದೆ ತಾನು ಬರುವುದಿಲ್ಲ ಎಂದು ಭಾವ ಅದನ್ನು ಮುಂದೆ ಹಾಕಿಸಿದ್ದಾನೆ.