ಮನೆಯೊಳಗಿನ ಗಿಡ, ದೀಪ ಮತ್ತು ಅಹಿಂಸಾಣುವ್ರತ

ಶ್ರಾವಕನ ಅಹಿಂಸಾಣುವ್ರತದ ಪರೀಕ್ಷೆ ಬಹುಮಟ್ಟಿಗೆ ಮನೆಯ ಹೊಸ್ತಿಲೊಳಗೇ ನಡೆಯುತ್ತದೆ. ನೀರು ಸೋಸುವಲ್ಲಿ, ಒಲೆ ಹೊತ್ತಿಸುವಲ್ಲಿ, ಕಸ ಗುಡಿಸುವಲ್ಲಿ ನಮ್ಮ ಹಿರಿಯರು ತೋರಿದ ಎಚ್ಚರಿಕೆ ನಮಗೆಲ್ಲ ತಿಳಿದುದೇ. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಹೊಸದೊಂದು ಹವ್ಯಾಸ ಬಂದಿದೆ. ಕುಂಡದ ಗಿಡಗಳನ್ನು ಕೋಣೆಯೊಳಗಿಟ್ಟು, ಸೂರ್ಯನ ಬದಲು ವಿದ್ಯುದ್ದೀಪದ ಬೆಳಕು ಕೊಟ್ಟು, ಹುಳು ಹತ್ತಿದರೆ ಔಷಧ ಸಿಂಪಡಿಸಿ ಬೆಳೆಸುವ ಹವ್ಯಾಸವದು. ಇದು ನಿರುಪದ್ರವಿ ಎಂದೇ ನಾನೂ ತಿಳಿದಿದ್ದೆ. ಅದು ತಪ್ಪೆಂದು ತಿಳಿದ ಬಗೆಯನ್ನು ಧರ್ಮಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಾನಿರುವುದು ಕೊಡಗಿನ ಸಿದ್ದಾಪುರದಲ್ಲಿ. ಸುತ್ತಲೂ ಕಾಫಿ ತೋಟಗಳು. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಹಗಲಿನಲ್ಲೂ ಮನೆಯೊಳಗೆ ಮಬ್ಬು. ನನ್ನ ಧರ್ಮಪತ್ನಿ ಬೆಳೆಸಿದ ಹನ್ನೆರಡು ಆಂತೂರಿಯಂ ಕುಂಡಗಳನ್ನು ಮಳೆಗಾಲಕ್ಕೆ ಒಳಜಗಲಿಗೆ ತಂದಿಡುವುದು ರೂಢಿ. ಆಕೆ ತೀರಿಕೊಂಡ ಮೇಲೂ ಆ ರೂಢಿಯನ್ನು ಬಿಡಲಿಲ್ಲ. ಬೆಳಕು ಸಾಲದೆ ಎಲೆಯ ತೊಟ್ಟುಗಳು ಸೊರಗಿ ಉದ್ದವಾಗುವುದನ್ನು ಕಂಡು ಮೊಮ್ಮಗನು ಒಂದು ಎಲ್‌ಇಡಿ ದೀಪವನ್ನು ತಂದು ಕಟ್ಟಿಕೊಟ್ಟನು. ಕೆಲವೇ ವಾರಗಳಲ್ಲಿ ಎಲೆಯಡಿಯಲ್ಲಿ ಬಿಳಿಯ ಹತ್ತಿಯಂಥ ಗಂಟುಗಳು ಕಾಣಿಸಿದವು. ಅದು ಹಿಟ್ಟು ತಿಗಣೆ. ಅಂಗಡಿಯ ವಿಷ ಬೇಡ, ಸೋಪಿನ ನೀರು ಸಾಕೆಂದು ನಾನೇ ಸಿಂಪಡಿಸಿದೆ. ಮೊಮ್ಮಗಳು ನನ್ನ ಭೂತಗನ್ನಡಿಯನ್ನು ಹಿಡಿದು ನೋಡಿ, “ಅಜ್ಜಾ, ಇವು ಇನ್ನೂ ಕಾಲು ಆಡಿಸುತ್ತಿವೆ” ಎಂದಳು.

ಅಂದು ಅಷ್ಟಮಿ. ನಾನು ಹಸಿರು ಕಾಯಿಪಲ್ಯವನ್ನು ತ್ಯಜಿಸಿ ಏಕಭುಕ್ತದಲ್ಲಿದ್ದೆ. ಏಕೇಂದ್ರಿಯ ಜೀವಕ್ಕೆ ನೋವಾಗಬಾರದೆಂದು ತಟ್ಟೆಯಿಂದ ಸೊಪ್ಪನ್ನು ದೂರವಿಟ್ಟ ಕೈಯೇ ಅದೇ ಬೆಳಗ್ಗೆ ನೂರಾರು ತ್ರಸಜೀವಿಗಳನ್ನು ಕೊಂದಿತ್ತು. ನನ್ನ ಉಪವಾಸಕ್ಕೆ ಏನು ಅರ್ಥ ಉಳಿಯಿತು?

ಈ ಪ್ರಶ್ನೆಯನ್ನು ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸೋಣ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಅಡುಗೆ ಮೊದಲಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಅಣುವ್ರತಿಯು ಇವುಗಳಲ್ಲಿ ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು.

ಕೃಷಿಯು ಆದಿನಾಥ ಸ್ವಾಮಿಯು ಉಪದೇಶಿಸಿದ ಷಟ್ಕರ್ಮಗಳಲ್ಲಿ ಒಂದು. ಹೊಟ್ಟೆಪಾಡಿಗಾಗಿ ತೋಟ ಮಾಡುವವರ ಕಷ್ಟ ಬೇರೆ. ಅವರ ವಿಚಾರ ಇಲ್ಲಿ ನನ್ನದಲ್ಲ. ಆದರೆ ಜಗಲಿಯ ಆಂತೂರಿಯಂ ನಮಗೆ ಅನ್ನ ಕೊಡುವುದಿಲ್ಲ. ಆದ್ದರಿಂದ ಅದು ಉದ್ಯೋಗವಲ್ಲ. ಹಿಟ್ಟು ತಿಗಣೆ ನಮ್ಮ ಮೇಲೆ ಏರಿ ಬಂದಿಲ್ಲ. ಆದ್ದರಿಂದ ವಿರೋಧಿಯೆಂಬ ನೆಪವೂ ಇಲ್ಲ. ಉಳಿಯುವುದು ಸಂಕಲ್ಪೀ ಒಂದೇ. ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಸಂಕಲ್ಪ ಮಾತ್ರದಿಂದಲೇ ತಾಯಿ ಮಗನಿಬ್ಬರೂ ಭವಭವಗಳಲ್ಲಿ ನೊಂದರು. ನನ್ನ ಜಗಲಿಯಲ್ಲಿ ಸತ್ತವು ನಿಜವಾದ ಜೀವಿಗಳು.

“ಗಿಡವನ್ನು ಉಳಿಸಿದ್ದು ದಯೆಯಲ್ಲವೇ?” ಎಂದು ಕೆಲವರು ಕೇಳಬಹುದು. ನಾನೂ ನನ್ನನ್ನು ಹೀಗೆಯೇ ಸಮಾಧಾನಪಡಿಸಿಕೊಂಡೆ. ಆದರೆ ಸ್ಪರ್ಶನೇಂದ್ರಿಯ ಒಂದೇ ಇರುವ ಒಂದು ಗಿಡಕ್ಕಾಗಿ ಮೂರು ಇಂದ್ರಿಯಗಳುಳ್ಳ ನೂರು ಜೀವಗಳನ್ನು ತೆಗೆಯುವುದಕ್ಕೆ ದಯೆಯೆಂಬ ಹೆಸರು ಸಲ್ಲದು. ಅದು ರಾಗ. ಆ ಗಿಡ ನನ್ನದು, ನನ್ನವಳು ನೆಟ್ಟದ್ದು ಎಂಬ ಮಮಕಾರ.

“ರಾಸಾಯನಿಕ ಬೇಡ, ಬೇವಿನೆಣ್ಣೆ ಆಗಬಹುದು” ಎನ್ನುವವರೂ ಉಂಟು. ಮನುಷ್ಯನ ಆರೋಗ್ಯದ ದೃಷ್ಟಿಯಿಂದ ಈ ಮಾತು ಒಳ್ಳೆಯದೇ. ವ್ರತದ ದೃಷ್ಟಿಯಿಂದ ಭೇದ ಸ್ವಲ್ಪ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತುವು ಹುಳುವಿಗೆ ಆಹಾರ ರುಚಿಸದಂತೆ ಮಾಡಿ, ಅದು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಸೋಪು ಹುಳುವಿನ ಮೈಮೇಲಿನ ಮೇಣದ ಹೊದಿಕೆಯನ್ನು ಕೆಡಿಸಿ, ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಹೆಸರು ಸೌಮ್ಯ, ಸಾವು ಸಾವೇ.

ಇನ್ನೊಂದು ಸೂಕ್ಷ್ಮವಾದ ಉಪಾಯವಿದೆ. ಕಾಫಿಯ ಹಸಿರು ಶಲ್ಕಕೀಟವನ್ನು ತಿನ್ನಿಸುವುದಕ್ಕಾಗಿ 1898ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಜಾತಿಯ ಗುಲಗಂಜಿ ಹುಳುವನ್ನು ಭಾರತಕ್ಕೆ ತಂದರು. ಹಿಟ್ಟು ತಿಗಣೆಯೂ ಅದರ ಆಹಾರ. ಅದನ್ನು ಬಿಟ್ಟರೆ ನಮ್ಮ ಕೈ ಶುದ್ಧವಾಗಿ ಉಳಿಯುವುದಿಲ್ಲವೇ? ಉಳಿಯುವುದಿಲ್ಲ. ಆಸ್ರವವು ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಉಂಟಾಗುತ್ತದೆ. ತಾನಾಗಿ ಬಂದ ಗುಲಗಂಜಿ ಹುಳು ತನ್ನ ಆಹಾರವನ್ನು ತಿಂದರೆ ಅದು ಅದರ ಕರ್ಮ. ಕೊಲ್ಲಲೆಂದೇ ತಂದು ಬಿಟ್ಟರೆ ಅದು ಕಾರಿತ. ಹಾಗೆಯೇ ನೆರೆಯವರಿಗೆ ಕೀಟನಾಶಕವನ್ನು ಕೊಡುವುದು ಹಿಂಸಾದಾನ. ಸಿಂಪಡಿಸಿರೆಂದು ಹೇಳಿಕೊಡುವುದು ಪಾಪೋಪದೇಶ. ಇವೆರಡೂ ಅನರ್ಥದಂಡದ ಭೇದಗಳು.

ಈಗ ದೀಪದ ಮಾತು. ರಾತ್ರಿಭೋಜನ ತ್ಯಾಗಕ್ಕೆ ಹಿರಿಯರು ಕೊಟ್ಟ ಕಾರಣಗಳಲ್ಲಿ ದೀಪಕ್ಕೆ ಮುತ್ತುವ ಜೀವಿಗಳ ಘಾತವೂ ಒಂದು. ಮಳೆಗಾಲದ ಮೊದಲ ಸಂಜೆಗಳಲ್ಲಿ ಮಳೆಹುಳುಗಳು ದೀಪಕ್ಕೆ ಬಿದ್ದು ರೆಕ್ಕೆ ಉದುರಿಸಿ ಸಾಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೇರಳೆ ಮತ್ತು ನೀಲಿ ಬೆಳಕು ಪತಂಗಗಳನ್ನು ಹೆಚ್ಚಾಗಿ ಸೆಳೆಯುತ್ತದೆ; ಹಳದಿ ಛಾಯೆಯದು ಕಡಿಮೆ. ಗಿಡಕ್ಕೆಂದು ಮಾರುವ ಅನೇಕ ದೀಪಗಳಲ್ಲಿ ನೀಲಿಯ ಅಂಶ ಹೆಚ್ಚಿರುತ್ತದೆ. ನಾನೋ ಅದನ್ನು ರಾತ್ರಿ ಹತ್ತರವರೆಗೆ ಉರಿಸುತ್ತಿದ್ದೆ! ಸಸ್ಯಕ್ಕೆ ಬೆಳಕೇ ಆಹಾರ ತಯಾರಿಸುವ ಸಾಧನ. ನಾನು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಗಿಡಕ್ಕೆ ಮಾತ್ರ ರಾತ್ರಿಭೋಜನ ಮಾಡಿಸುತ್ತಿದ್ದೆನೆಂದು ಹೇಳಬಹುದು. ಗಿಡಗಳಿಗೂ ಕತ್ತಲೆಯ ವಿಶ್ರಾಂತಿ ಹಿತವೇ. ಆದ್ದರಿಂದ ಅನಿವಾರ್ಯವಾದರೆ ದೀಪವನ್ನು ಹಗಲಿನ ಮಬ್ಬಿನಲ್ಲಿ ಮಾತ್ರ ಉರಿಸಿ, ನಮ್ಮ ಊಟದ ಹೊತ್ತಿಗೇ ಆರಿಸಬೇಕು.

ಹುಳುವಿನ ವಿಷಯದಲ್ಲಿ ಯತ್ನಾಚಾರವೇ ಮುಖ್ಯ. ಹುಳು ಬಂದ ಮೇಲೆ ಶುದ್ಧವಾದ ಮಾರ್ಗ ಉಳಿಯುವುದಿಲ್ಲ. ಬರುವ ಮೊದಲು ಉಂಟು. ಗೊಬ್ಬರ ಅತಿಯಾದರೆ ಚಿಗುರು ಮೆತ್ತಗಾಗಿ ರಸ ಹೀರುವ ಹುಳುಗಳಿಗೆ ಹಿತವಾಗುತ್ತದೆ. ನೀರು ಅತಿಯಾದರೆ ಮಣ್ಣಿನಲ್ಲಿ ಸಣ್ಣ ನೊಣಗಳು ಹುಟ್ಟುತ್ತವೆ. ಹಿಟ್ಟು ತಿಗಣೆ ಸ್ರವಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ಕಾಯುತ್ತವೆ, ಗಿಡದಿಂದ ಗಿಡಕ್ಕೆ ಸಾಗಿಸುವುದೂ ಉಂಟು. ಹೊಸ ಗಿಡವನ್ನು ಕೆಲವು ವಾರ ಬೇರೆಯಾಗಿಟ್ಟು ನೋಡುವುದು, ಕುಂಡಗಳನ್ನು ಒತ್ತೊತ್ತಾಗಿ ಇಡದಿರುವುದು, ಎಲೆಗಳನ್ನು ಹುಳು ಹತ್ತುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸುವುದು, ಇವು ಎಲ್ಲರಿಂದಲೂ ಆಗುವಂಥವು. ಎಲ್ಲಕ್ಕಿಂತ ಮಿಗಿಲಾದುದು ಪರಿಮಾಣ. ನೋಡಿಕೊಳ್ಳಲು ಎಷ್ಟು ಸಾಧ್ಯವೋ ಅಷ್ಟೇ ಕುಂಡಗಳಿರಲಿ. ಪ್ರಯೋಜನವಿಲ್ಲದೆ ಮಣ್ಣು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು ಪ್ರಮಾದಚರ್ಯೆಯೆಂದು ಶ್ರಾವಕಾಚಾರಗಳು ಹೇಳುವಾಗ ನಮ್ಮ ಜಗಲಿಯೂ ಅದರೊಳಗೆ ಬರುತ್ತದೆ.

ನಾನು ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ. ಹುಳು ಹತ್ತದ ಎಂಟು ಕುಂಡಗಳನ್ನು ಬಿಸಿಲು ಬೀಳುವ ಜಗಲಿಯುಳ್ಳ ಬಂಧುಗಳಿಗೆ ಕೊಟ್ಟೆ. ಉಳಿದ ನಾಲ್ಕರ ಹುಳುವನ್ನು ಬೇಲಿಯಾಚೆ ಬಿಡುವಂತಿರಲಿಲ್ಲ; ಅದು ನೆರೆಯವರ ಕಾಫಿಗೆ ಕಂಟಕ, ಅವರ ಕೈಯಿಂದ ಇನ್ನಷ್ಟು ಹಿಂಸೆಗೆ ಕಾರಣ. ಆದ್ದರಿಂದ ಹಿತ್ತಿಲಿನ ಮಾಡಿನಡಿಯಲ್ಲಿ ಬೇರೆಯಾಗಿಟ್ಟು ಸುಮ್ಮನಾದೆ. ಎರಡು ಗಿಡಗಳು ಚೇತರಿಸಿಕೊಂಡವು. ಎರಡು ದಶಲಕ್ಷಣ ಪರ್ವದ ಹೊತ್ತಿಗೆ ಒಣಗಿದವು. ಅವುಗಳಲ್ಲಿ ಒಂದು ನನ್ನ ಪತ್ನಿಯು ಮೊದಲು ನೆಟ್ಟದ್ದು. ಕೈಯಲ್ಲಿ ಉಪಾಯವಿದ್ದೂ ದಿನದಿನವೂ ಅದು ಒಣಗುವುದನ್ನು ನೋಡುವುದು ಅಷ್ಟಮಿಯ ಉಪವಾಸಕ್ಕಿಂತ ಕಠಿಣವಾಗಿತ್ತು.

ನಾನು ಮಾಡಿದ್ದು ಪೂರ್ಣವಾಗಿ ಸರಿಯೆಂದು ಹೇಳುವ ಧೈರ್ಯವಿಲ್ಲ. ಆ ಗಿಡವೂ ಜೀವವೇ, ಅದರೊಡನೆ ಅದನ್ನು ಆಶ್ರಯಿಸಿದ್ದ ಜೀವಗಳೂ ಹೋದವು. ಅವೆಲ್ಲಕ್ಕೂ ಪ್ರತಿಕ್ರಮಣದಲ್ಲಿ ಕ್ಷಮೆ ಬೇಡಿದ್ದೇನೆ. ಸಂಕಲ್ಪವೊಂದು ನಿಂತಿತೆಂಬುದಷ್ಟೇ ನನ್ನ ಸಮಾಧಾನ. ಇದರಲ್ಲಿ ದೋಷವಿದ್ದರೆ ತಿಳಿದವರು ತಿದ್ದಬೇಕಾಗಿ ವಿನಂತಿ.